ಓರಗಿತ್ತಿಯ ಮಂಚ

ಅತ್ತೆ ಹಾಸಿಗೆ ಹಿಡಿದ ಏಳು ವರ್ಷವೂ ಅವರ ಮಗ್ಗುಲು ಬದಲಿಸಿದವಳು ನಾನು; ‘ಮನೆಯಲ್ಲೇ ಆರೈಕೆ’ ಅಂತ ಬೋರ್ಡು ಹಾಕಿಕೊಂಡು ಮೆರೆಯುತ್ತಿರುವವಳು ಎದುರು ಮನೆಯ ನನ್ನ ಓರಗಿತ್ತಿ. ಹೊಟ್ಟೆ ಉರಿಯದೆ ಇನ್ನೇನಾದೀತು? ನೋಂದಣಿ ಪತ್ರ ಬಂದು ಮೂರು ತಿಂಗಳಾಗಿಲ್ಲ, ಅದಕ್ಕೆ ಫ್ರೇಮು ಹಾಕಿಸಿ, ಮದುವೆ ಫೋಟೋ ಇಳಿಸಿ, ಅದೇ ಮೊಳೆಗೆ ನೇತುಹಾಕಿದ್ದಾಳೆ. ಬಾಯಲ್ಲಿ ತುತ್ತಿದ್ದರೂ ಫೋನು ಎರಡನೇ ಸಲ ಬಡಿದುಕೊಳ್ಳುವಂತಿಲ್ಲ. ‘ಹೇಳಿ, ಯಾರಿಗೆ ಹುಷಾರಿಲ್ಲ?’ ಅನ್ನುವಾಗ ದನಿಯಲ್ಲಿ ಜೇನು ಸುರಿಯುತ್ತದೆ. ಬೀದಿಯಲ್ಲಿ ಯಾರಾದರೂ ಕುಂಟಿದರೆ ಸಾಕು, ಓಡಿಹೋಗಿ ಕಾರ್ಡು ಕೊಡುತ್ತಾಳೆ. ಮೊದಲು ಅವಳ ಕೈಕೆಳಗೆ ಇಬ್ಬರು ಹೆಂಗಸರಿದ್ದರು, ಈಗ ಹನ್ನೊಂದು ಜನ. ‘ಎಲ್ಲಾ ನಿನ್ನ ನೋಡೇ ಕಲಿತಿದ್ದು ಅಕ್ಕಾ’ ಅನ್ನುತ್ತಾಳೆ. ಬೋರ್ಡಿನ ಮೇಲೆ ಮಾತ್ರ ಅವಳ ಹೆಸರೊಂದೇ. ಕೆಲಸ ಕೇಳಿ ಬಂದವರಿಗೆ ಅವಳದೊಂದು ಪರೀಕ್ಷೆಯಿದೆ: ತಾನೇ ರೋಗಿಯಾಗಿ ಮಂಚದ ಮೇಲೆ ಮರದ ಕೊರಡಿನ ಹಾಗೆ ಬೀಳುತ್ತಾಳೆ. ‘ನಂಗೆ ಮಾತು ಬರಲ್ಲ, ಕೈಕಾಲು ಆಡಲ್ಲ ಅಂದ್ಕೋ. ಹ್ಞೂಂ, ಶುರು ಮಾಡು.’ ಇದೇನು ನಾಟಕ ಅಂತ ಮೊನ್ನೆ ಅವಳ ಬಾಗಿಲಲ್ಲಿ ನಿಂತು ನೋಡಿದೆ. ಹೊಸಬಳು ಅವಳನ್ನು ಮೆಲ್ಲಗೆ ಹೊರಳಿಸಿ, ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಬೆನ್ನು ಒರೆಸಿ, ಸಿಕ್ಕು ಬಿಡಿಸಿ ತಲೆ ಬಾಚಿದಳು. ಫೋನು ಮೂರು ಸಲ ಬಡಿದುಕೊಂಡಿತು. ನನ್ನ ಓರಗಿತ್ತಿ ಕಣ್ಣೇ ಬಿಡಲಿಲ್ಲ. ಆಮೇಲೆ ಎದ್ದು, ‘ಅಕ್ಕಾ, ನೀನೂ ಒಂದ್ಸಲ ಮಲಗಿ ನೋಡು’ ಅಂದಳು. ‘ನಂಗೇನು ರೋಗ!’ ಅಂತ ಸಿಡುಕಿ ಬಂದುಬಿಟ್ಟೆ. ಅವತ್ತಿನಿಂದ ನಮ್ಮ ಕಿಟಕಿ ಬಿಟ್ಟು ಕದಲಿಲ್ಲ, ಎದುರು ಮನೆಗೆ ಕೆಲಸ ಕೇಳಿಕೊಂಡು ಇನ್ನೊಬ್ಬಳು ಯಾವಾಗ ಬರುತ್ತಾಳೋ ಅಂತ.