ಥೆಸಲೋನಿಕಿಯಲ್ಲಿ ಸೂಪರ್ ಮಾರ್ಕೆಟ್‌ಗೆ ಒಂದು ಗಂಟೆ

ಆ ಶನಿವಾರ ಮಾಡಿದ ಕೆಲಸಗಳು: ಎರಡು ಸಲ ಬಟ್ಟೆ ಒಗೆದದ್ದು, ಫ್ರಿಜ್ಜಿನ ಕೆಳಗಿನ ಖಾನೆ ಒರೆಸಿದ್ದು, ಮಗಳನ್ನು ಈಜಿಗೆ ಬಿಟ್ಟು ಕರೆದುಕೊಂಡು ಬಂದದ್ದು, ಗ್ಯಾರೇಜಿನಲ್ಲಿ ಸೂಟ್‌ಕೇಸುಗಳ ಚಕ್ರ ಉರುಳಿಸಿ ನೋಡಿದ್ದು, ಮೆಂತ್ಯದ ಸೊಪ್ಪು ಬಿಡಿಸಿದ್ದು. ಇವುಗಳ ನಡುವೆ ಗಂಡ ತಯಾರಿಸಿದ ಪ್ರವಾಸದ ಪಟ್ಟಿಯನ್ನು ಮೂರು ಸಲ ಓದಿದ್ದು.

ಇದು ಕಳೆದ ವರ್ಷದ ಮಾತು. ಮಗಳ ಶಾಲೆ ಮುಗಿದ ಕೂಡಲೇ ನಾವು ಮೂವರೂ ಸ್ಯಾನ್ ಡಿಯೇಗೊದಿಂದ ಬೆಂಗಳೂರಿಗೆ ಹೊರಡುವುದಿತ್ತು. ದಾರಿಯಲ್ಲಿ ಒಂದು ವಾರಾಂತ್ಯ ಗ್ರೀಸಿನ ಬಂದರು ನಗರ ಥೆಸಲೋನಿಕಿಯಲ್ಲಿ ಇಳಿಯೋಣ ಎಂದದ್ದು ಅವರು. ಶುಕ್ರವಾರ ಸಂಜೆ ಇಳಿದು ಸೋಮವಾರ ರಾತ್ರಿ ವಿಮಾನ ಹತ್ತುವುದು. ಅಥೆನ್ಸ್ ಯಾಕಲ್ಲ ಎಂದು ಕೇಳಿದ್ದಕ್ಕೆ, "ಅಲ್ಲಿ ರಶ್ಶು ಕಣೇ" ಎಂದಿದ್ದರು. ಅಮೆರಿಕದ ಸ್ವಾತಂತ್ರ್ಯ ದಿನ ಜುಲೈ ನಾಲ್ಕರ ಪಟಾಕಿ ನೋಡಲು ಮಧ್ಯಾಹ್ನ ಎರಡಕ್ಕೇ ಹೋಗಿ ಹುಲ್ಲಿನ ಮೇಲೆ ಚಾಪೆ ಹಾಸಿ ಜನಜಾತ್ರೆಯ ನಡುವೆ ಜಾಗ ಹಿಡಿಯುವ ಮನುಷ್ಯ. ಆವತ್ತೇ ನನಗೆ ಏನೋ ಸರಿಕಾಣಲಿಲ್ಲ.

ಪಟ್ಟಿ ನೋಡಿದ ಮೇಲೆ ಅನುಮಾನ ಗಟ್ಟಿಯಾಯಿತು. ಕಡಲ ದಂಡೆಯ ಬಿಳಿ ಗೋಪುರ, ಆ ಊರಿನ ಗುರುತೇ ಅದಂತೆ, ಅದಕ್ಕೆ ಇಪ್ಪತ್ತು ನಿಮಿಷ. ಸೂಪರ್ ಮಾರ್ಕೆಟ್‌ಗೆ ಒಂದು ಗಂಟೆ. ಭಾನುವಾರ ಪೂರ್ತಿ 'ಪೂರ್ವದ ಬಡಾವಣೆಗಳು, ನಡಿಗೆ'. ಸೋಮವಾರ ಬೆಳಿಗ್ಗೆ ಎಂಟಕ್ಕೆ ಒಂದು ಬಸ್ಸು ಹತ್ತಿ ಕೊನೆಯ ಸ್ಟಾಪಿಗೆ ಹೋಗಿ, ಅದೇ ಬಸ್ಸಿನಲ್ಲಿ ವಾಪಸ್ ಬರುವುದು. ಶನಿವಾರ ನಾಲ್ಕು ಗಂಟೆಗೆ 'ಸ್ಕೂಲ್, ಹೊರಗಿನಿಂದ'. ಉಳಿಯಲು ಹಿಡಿದದ್ದು ಸಮುದ್ರ ಕಾಣುವ ಹೋಟೆಲ್ ಅಲ್ಲ, ಬಂದರಿನಿಂದ ದೂರದ ಒಂದು ಅಪಾರ್ಟ್‌ಮೆಂಟ್. ಮೂರು ರಾತ್ರಿಗೆ ವಾಷಿಂಗ್ ಮೆಷಿನ್ ಬೇರೆ.

ಎರಡು ಗಂಟೆ ದಾರಿಯ ಸೆರಿಟೋಸ್‌ನಲ್ಲಿರುವ ಉಡುಪಿ ಕಡೆಯ ಗೆಳತಿಗೆ ಫೋನ್ ಮಾಡಿದೆ. ಅವಳು ಫ್ರೀವೇಯಲ್ಲಿದ್ದಳು, ಸ್ಪೀಕರಿನಲ್ಲಿ ಲಾರಿಗಳ ಸದ್ದು.

"ನಿನ್ನ ಗಂಡ ಅಂಗಡಿಗೆ ಹೋದರೆ ಕಾರಿನಿಂದ ಇಳಿಯುವ ಜನವೇ ಅಲ್ಲವಲ್ಲ ಮಾರಾಯ್ತಿ!" ಎಂದಳು. "ಒಂದು ಗಂಟೆ ಸೂಪರ್ ಮಾರ್ಕೆಟ್ಟಿನಲ್ಲಿ ಎಂತ ಮಾಡುವುದು? ಎಂತದೋ ಉಂಟು. ಕೇಳು ನೀನು."

"ಕೇಳಿದ್ರೆ ಒಪ್ಕೋತಾರಾ?"

"ಒಪ್ಪಿಕೊಳ್ಳಲೇಬೇಕಾದಂಥ ಪ್ರಶ್ನೆ ಕೇಳು."

ನಾನು ಕೇಳುವ ಮೊದಲು ಇನ್ನೆರಡು ವಿಷಯ ಗಮನಿಸಿದೆ. ಒಂದು, ಬೆಳಗಿನ ವಾಕಿಂಗಿನಲ್ಲಿ ಅವರು ಕಿವಿಗೆ ಸಿಕ್ಕಿಸಿಕೊಂಡು ಕೇಳುತ್ತಿದ್ದದ್ದು ಹಾಡಲ್ಲ, ಗ್ರೀಕ್ ಪಾಠ. ಎರಡು, ಮಗಳಿಗೆ ಹತ್ತನೇ ತರಗತಿಯ ಅಂಕಪಟ್ಟಿ ಶಾಲೆಯಿಂದ ಸೀಲ್ ಹಾಕಿಸಿ ತರಲು ಹೇಳಿದ್ದರು. ಪ್ರವಾಸಕ್ಕೆ ಹೋಗುವವರು ಅಂಕಪಟ್ಟಿ ಒಯ್ಯುತ್ತಾರೆಯೇ?

ಮಧ್ಯಾಹ್ನ ಅವರು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದರು. ಸೊಪ್ಪಿನ ಬುಟ್ಟಿ ಹಿಡಿದುಕೊಂಡು ಎದುರಿಗೆ ಕೂತೆ.

"ರೀ, ಶನಿವಾರ ನಾಲ್ಕಕ್ಕೆ ಸ್ಕೂಲ್ ಅಂತಿದೆ. ಯಾರಿಗೆ ಅಡ್ಮಿಷನ್ನು?"

"ಅದಾ? ಹಳೇ ಬಿಲ್ಡಿಂಗು. ಆರ್ಕಿಟೆಕ್ಚರ್ ಚೆನ್ನಾಗಿದೆಯಂತೆ."

"ಸೂಪರ್ ಮಾರ್ಕೆಟ್ಟೂ ಆರ್ಕಿಟೆಕ್ಚರಾ?"

ಅವರು ಲ್ಯಾಪ್‌ಟಾಪ್ ಮುಚ್ಚಿದರು. ಇಪ್ಪತ್ತು ವರ್ಷದಲ್ಲಿ ನಾನು ಕಂಡ ಹಾಗೆ, ಮುಚ್ಚಿದರೆ ನಿಜ ಹೇಳುತ್ತಾರೆ ಎಂದರ್ಥ.

ಅವರ ಕಂಪನಿ ಆ ಊರಿನಲ್ಲಿ ಹೊಸ ತಂಡ ಕಟ್ಟುತ್ತಿತ್ತು. ಬರುತ್ತೀಯಾ ಎಂದು ಇವರನ್ನು ಕೇಳಿದ್ದರು. ಗ್ರೀನ್ ಕಾರ್ಡಿನ ಸಾಲಿನಲ್ಲಿ ನಾವು ನಿಂತು ಹನ್ನೊಂದು ವರ್ಷ. ಸಾಲು ಮುಂದೆ ಹೋಗುವ ಲಕ್ಷಣ ಇಲ್ಲ. ಮಗಳು ಹುಟ್ಟಿದ್ದು ಬೆಂಗಳೂರಿನಲ್ಲಿ, ಇಲ್ಲಿಗೆ ಬಂದಾಗ ನಾಲ್ಕು ವರ್ಷ; ಹಾಗಾಗಿ ಅವಳೂ ಅದೇ ಸಾಲಿನಲ್ಲಿ.

"ಇಪ್ಪತ್ತೊಂದು ತುಂಬಿದ ದಿನ ಅವಳು ನಮ್ಮ ಅಪ್ಲಿಕೇಶನ್ನಿಂದ ಆಚೆ ಬೀಳ್ತಾಳೆ. ಆಮೇಲೆ ಅವಳ ವೀಸಾ ಅವಳದು, ನಮ್ಮದು ನಮ್ಮದು. ಇನ್ನೈದು ವರ್ಷ ಕಣೇ. ಅದಕ್ಕೇ, ನೋಡ್ಕೊಂಡು ಬಂದು ನಿನಗೆ ಹೇಳೋಣ ಅಂತಿದ್ದೆ."

"ನೋಡೋಕೆ ಬರೋಳು ನಾನೇ ಅಲ್ವಾ? ನನ್ನನ್ನ ಕರ್ಕೊಂಡು ಹೋಗಿ, ನನಗೇ ತೋರಿಸಿ, ನನಗೇ ಗೊತ್ತಾಗದ ಹಾಗೆ ನೋಡ್ಕೊಂಡು ಬರೋದಾ?"

"ನಿನಗೆ ಊರು ಹಿಡಿಸಿದ್ರೆ ಹೇಳೋಣ ಅಂತ."

"ಹಿಡಿಸದಿದ್ರೆ?"

ನಾನು ಪ್ರೀಸ್ಕೂಲಿನಲ್ಲಿ ಕೆಲಸಕ್ಕೆ ಸೇರಿ ಆಗ ಎರಡು ವರ್ಷ ಆಗಿತ್ತು. ವರ್ಷಗಟ್ಟಲೆ ಮನೆಯಲ್ಲಿ ಕೂತ ಮೇಲೆ ಸಿಕ್ಕಿದ ಕೆಲಸ. ಬೆಳಿಗ್ಗೆ ಬಾಗಿಲಲ್ಲಿ ಹದಿನಾಲ್ಕು ಮಕ್ಕಳು ನನ್ನ ಕಾಲಿಗೆ ಸುತ್ತಿಕೊಳ್ಳುತ್ತಿದ್ದವು. ಪಟ್ಟಿಯಲ್ಲಿ ಬಸ್ಸಿಗೆ, ಮಗಳ ಶಾಲೆಗೆ, ಬಟ್ಟೆ ಒಗೆಯುವುದಕ್ಕೆ ಒಂದೊಂದು ಸಾಲು ಇತ್ತು; ನಾನು ಅಲ್ಲಿ ಏನು ಮಾಡಬೇಕು ಎಂಬುದಕ್ಕೆ ಇರಲಿಲ್ಲ. ಮಗಳ ವಿಷಯ ಅವರು ಹೇಳಿದ್ದು ನಿಜ. ಅದಕ್ಕೇ ಕೂಗಾಡಲೂ ಆಗಲಿಲ್ಲ.

"ಹೂಂ ಅಂದುಬಿಟ್ಟಿದ್ದೀರಾ?"

"ಇಲ್ಲ. ಜುಲೈವರೆಗೆ ಟೈಮಿದೆ."

ಅರ್ಧ ನಂಬಿದೆ. ಲ್ಯಾಪ್‌ಟಾಪ್ ನನ್ನ ಕಡೆ ಎಳೆದುಕೊಂಡು, ತೆರೆಸಿ, ಪಟ್ಟಿಗೆ ಕೂತೆ. 'ಹೊರಗಿನಿಂದ' ಅಳಿಸಿ ಸೋಮವಾರಕ್ಕೆ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ ಎಂದು ಬರೆದೆ. ಭಾನುವಾರದ ನಡಿಗೆಯನ್ನು ಅರ್ಧ ದಿನಕ್ಕೆ ಇಳಿಸಿದೆ. ಚಿಕ್ಕ ಮಕ್ಕಳ ಶಾಲೆಗಳು ಎಲ್ಲೆಲ್ಲಿವೆ, ಗ್ರೀಕ್ ಬಾರದವರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಾರೋ ಎಂದು ಒಂದು ಸಾಲು ಸೇರಿಸಿದೆ. ಬಿಳಿ ಗೋಪುರಕ್ಕೆ ಎರಡು ಗಂಟೆ ಕೊಟ್ಟೆ. ಅಷ್ಟು ದೂರ ಹೋಗಿ ಅದನ್ನು ನೋಡದೆ ಬರಲಾರೆ.

"ಇವತ್ತು ಊಟದ ಹೊತ್ತಿಗೆ ಅವಳಿಗೂ ಹೇಳ್ಬೇಕು. ನೀವೇ ಹೇಳ್ಬೇಕು."

"ಇವತ್ತೇನಾ?"

"ಅಂಕಪಟ್ಟಿ ತರೋಕೆ ಅವಳು ಬೇಕು, ವಿಷಯ ಹೇಳೋಕೆ ಬೇಡ್ವಾ?"

ಆರೂವರೆಗೆ ಊಟಕ್ಕೆ ಕೂತಾಗ ಹೇಳಿದರು. ಇಪ್ಪತ್ತೊಂದರ ಲೆಕ್ಕದಿಂದಲೇ ಶುರುಮಾಡಿದರು. ಮಗಳು ಚಮಚ ಕೆಳಗಿಟ್ಟು ಪೂರ್ತಿ ಕೇಳಿದಳು.

"ಸೋ ಇಟ್ಸ್ ನಾಟ್ ಅ ವೆಕೇಶನ್?"

"ವೆಕೇಶನ್ನೇ ಪುಟ್ಟಾ. ಸ್ವಲ್ಪ ಹೋಮ್‌ವರ್ಕ್ ಇದೆ ಅಷ್ಟೆ."

"ಅಮ್ಮಾ, ಡಿಡ್ ಯು ನೋ?"

"ಮಧ್ಯಾಹ್ನದಿಂದ ಗೊತ್ತು" ಎಂದೆ. ಅವಳು ನಮ್ಮಿಬ್ಬರನ್ನೂ ಒಬ್ಬರ ನಂತರ ಒಬ್ಬರಂತೆ ನೋಡಿದಳು. ಆ ನೋಟ ನನ್ನದೇ. ನಂಬಲೋ ಬೇಡವೋ ಎಂದು ತೂಗುವುದನ್ನು ಅವಳು ನನ್ನಿಂದಲೇ ಕಲಿತಿದ್ದಾಳೆ. ಆಮೇಲೆ, ಆ ಶಾಲೆಯಲ್ಲಿ ಈಜುಕೊಳ ಇದೆಯೇ ಎಂದು ಇಂಗ್ಲಿಷಿನಲ್ಲೇ ಕೇಳಿದಳು. ಅವರಿಗೆ ಗೊತ್ತಿರಲಿಲ್ಲ. ಸೋಮವಾರ ಅದನ್ನು ನಾನೇ ಕೇಳುತ್ತೇನೆ ಎಂದೆ.

ಊಟಕ್ಕೆ ಮೆಂತ್ಯಸೊಪ್ಪಿನ ತೊವ್ವೆ, ಅನ್ನ, ಸುಟ್ಟ ಹಪ್ಪಳ, ಗಟ್ಟಿ ಮೊಸರು. ಮಗಳು ಎರಡನೇ ಸಲ ಅನ್ನ ಬಡಿಸಿಕೊಳ್ಳಲಿಲ್ಲ. ಮೊದಲು ಮಲಗಿದ್ದು ಅವರು, ಒಂಬತ್ತಕ್ಕೇ. ನಂತರ ಅವಳ ಕೋಣೆಯ ದೀಪ ಆರಿತು. ಕೊನೆಗೆ ನಾನು.