ಖಾತೆದಾರರು ಇದ್ದಾರೆಯೇ?

ಇಂಟರ್ನೆಟ್ಟಿನದೋ ಟೀವಿಯದೋ ಬಿಲ್ಲು ಏರಿದರೆ, ಕಡಲಾಚೆಯ ಮಿಸಿಸಾಗ ನಗರದ ಕನ್ನಡಿಗರು ಕಂಪನಿಗಿಂತ ಮೊದಲು ಫೋನು ಮಾಡುತ್ತಿದ್ದುದು ರಾಮಮೂರ್ತಿಗೆ. ಮೈಸೂರಿನ ಈ ಎಂಜಿನಿಯರು ಅದೇ ನಗರದ ಮೆಡೋವೇಲ್‌ನ ಕಚೇರಿಯೊಂದರಲ್ಲಿ ವೈದ್ಯಕೀಯ ಉಪಕರಣಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದ. ಬಿಡುವಿನಲ್ಲಿ ವಿಜ್ಞಾನದ ಪುಸ್ತಕಗಳನ್ನು ಓದುತ್ತಿದ್ದ. ಪುರಾವೆಯಿಲ್ಲದ ಮಾತನ್ನು ಯಾರೇ ಆಡಲಿ, ಹಬ್ಬದೂಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತವರೇ ಆಡಲಿ, ತಡೆದು ಪ್ರಶ್ನಿಸುತ್ತಿದ್ದ. ಪರರ ಹೆಸರಿನಲ್ಲಿ ಕಂಪನಿಗೆ ಕರೆ ಮಾಡಿ, ಬಿಟ್ಟುಹೋಗುತ್ತೇನೆಂದು ಹೆದರಿಸಿ, ಬಿಲ್ಲು ಇಳಿಸಿಕೊಡುವುದು ಅವನಿಗೆ ಅಂಟಿಕೊಂಡಿದ್ದ ಇನ್ನೊಂದು ಹವ್ಯಾಸ. ಒಂದು ವಾರ ಅವನು ಮರಿಯಪ್ಪನಾಗುತ್ತಿದ್ದ, ಇನ್ನೊಂದು ವಾರ ಜಯಪ್ರಕಾಶ. ಇದನ್ನು ಅವನು ಸುಳ್ಳಿನ ಲೆಕ್ಕಕ್ಕೆ ಹಿಡಿದಿರಲಿಲ್ಲ. ಕಂಪನಿ ಆಡುವ ಆಟವನ್ನೇ ತಾನೂ ಆಡುತ್ತಿದ್ದೇನೆ ಎಂಬ ಸಮಾಧಾನವಿತ್ತು. ಮೆಚ್ಚುಗೆಯೂ ಸಿಗುತ್ತಿತ್ತು, ಅದನ್ನು ಮಾತ್ರ ಅವನು ಯಾವತ್ತೂ ಪ್ರಶ್ನಿಸಿರಲಿಲ್ಲ.

ಆ ಶನಿವಾರ ಅವನು ದೂರದ ವಿಟ್ಬಿ ಊರಿಗೆ ಹೋದದ್ದು ದಾನಪ್ಪನವರಿಗಾಗಿ. ಧಾರವಾಡದ ಕಡೆಯವರು, ಗೋದಾಮಿನಲ್ಲಿ ಕೆಲಸ. ಚಳಿಗಾಲದಿಂದೀಚೆಗೆ ಶಿಫ್ಟುಗಳು ಕಡಿಮೆಯಾಗಿದ್ದವು. ಹೆಂಡತಿ ಜಯಶೀಲಾ ಮಕ್ಕಳ ಡೇಕೇರ್ ಒಂದರಲ್ಲಿ ಅಡುಗೆ ಮಾಡುತ್ತಿದ್ದರು. ಹೊಸ ಗಿರಾಕಿಗಳಿಗೆಂದು ಕೊಟ್ಟಿದ್ದ ರಿಯಾಯಿತಿ ಮುಗಿದು ಬಿಲ್ಲು ಏರಿತ್ತು, ಒಪ್ಪಂದ ಮಾತ್ರ ಮುಗಿದಿರಲಿಲ್ಲ, ನಡುವೆ ಬಿಟ್ಟರೆ ದಂಡ ಕಟ್ಟಬೇಕು. ಕನ್ನಡ ಚಾನೆಲ್ಲುಗಳನ್ನು ಸೇರಿಸಿ ಅಗ್ಗಕ್ಕೆ ಕೊಡುವ ಸಣ್ಣ ಕಂಪನಿಯೊಂದು ಅವರಿಗೆ ಸಿಕ್ಕಿತ್ತು. ಹಳೆಯದರಿಂದ ದಂಡವಿಲ್ಲದೆ ಬಿಡಿಸಿಕೊಡಬೇಕು ಎಂದು ದಾನಪ್ಪ ಕೇಳಿಕೊಂಡಿದ್ದರು.

"ಅಷ್ಟ್ ದೂರದಿಂದ ಬಂದೀರಿ, ಮೊದ್ಲ ಗಿರಮಿಟ್ ತಿನ್ರಿ. ಕಂಪನಿ ಎಲ್ಲಿ ಓಡಿಹೋಗ್ತೈತಿ?" ಎಂದರು ದಾನಪ್ಪ.

"ಮೊದ್ಲು ಕೆಲಸ ಮುಗಿಸ್ಬಿಡೋಣ ದಾನಪ್ಪನೋರೆ. ಹತ್ತು ನಿಮಿಷದ ಮಾತು," ಎಂದ ರಾಮಮೂರ್ತಿ, ಅವರ ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟ.

ಕರೆಗೆ ಸಿಕ್ಕವಳು ಚಿಕ್ಕ ವಯಸ್ಸಿನ ಹುಡುಗಿಯಿರಬೇಕು, ದನಿಯಲ್ಲಿ ತಾಳ್ಮೆಯಿತ್ತು. ರಾಮಮೂರ್ತಿ ತಾನು ದಾನಪ್ಪನೆಂದು ಹೇಳಿಕೊಂಡು ತನ್ನ ಎಂದಿನ ಹಾದಿ ಹಿಡಿದ. ಆದರೆ ಅವಳು ಮೊದಲ ತಿರುವಿನಲ್ಲೇ ನಿಲ್ಲಿಸಿದಳು. ಖಾತೆ ಜಯಶೀಲಾ ಅವರ ಹೆಸರಿನಲ್ಲಿದೆ, ಖಾತೆದಾರರು ಮನೆಯಲ್ಲಿದ್ದಾರೆಯೇ, ಅವರು ಒಪ್ಪಿಗೆಯೆಂದು ಒಂದು ಮಾತು ಹೇಳಿದರೆ ಸಾಕು, ಎಂದಳು.

ಖಾತೆದಾರರು ಮನೆಯಲ್ಲಿದ್ದರು. ತಮ್ಮ ಹೆಸರು ಕೇಳಿಸಿದ್ದೇ ತಡ, ಮಂಡಕ್ಕಿಯ ಗಿರಮಿಟ್ಟು ಕಲಸುತ್ತಿದ್ದ ಕೈಯನ್ನು ತೊಳೆದು, ಸೆರಗಿಗೆ ಒರೆಸಿಕೊಳ್ಳುತ್ತ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದರು. ತುಟಿಗಳು ಸಣ್ಣಗೆ ಅಲುಗುತ್ತಿದ್ದವು. ಹೆಸರು, ಹುಟ್ಟಿದ ದಿನ, ವಿಳಾಸ, ಎಲ್ಲವನ್ನೂ ಇಂಗ್ಲಿಷಿನಲ್ಲಿ ಜೋಡಿಸಿಕೊಳ್ಳುತ್ತಿದ್ದರು. ಕೈಯನ್ನು ಫೋನಿನತ್ತ ಅರ್ಧ ಚಾಚಿಯೂ ಇದ್ದರು.

ರಾಮಮೂರ್ತಿ ಅದನ್ನು ನೋಡಿದ. ಆಕೆ ಫೋನು ಹಿಡಿದರೆ ಕೇಳಿದ್ದಕ್ಕೆಲ್ಲ 'ಯೆಸ್ ಯೆಸ್' ಎಂದು ಇನ್ನೊಂದು ಒಪ್ಪಂದಕ್ಕೆ ಸಿಕ್ಕಿಕೊಳ್ಳುತ್ತಾರೆ, ತನ್ನ ಶ್ರಮವೆಲ್ಲ ನೀರಿನಲ್ಲಿ ಹೋಮ, ಎಂದುಕೊಂಡ. ಖಾತೆದಾರರು ಸತ್ತರೆ ದಂಡವಿಲ್ಲವೆಂದು ಎಲ್ಲೋ ಓದಿದ್ದೂ ಅದೇ ಗಳಿಗೆಯಲ್ಲಿ ನೆನಪಾಯಿತು. ಆಕೆಗೆ 'ಸುಮ್ಮನಿರಿ' ಎಂಬಂತೆ ಅಂಗೈ ತೋರಿಸಿ, ದನಿ ತಗ್ಗಿಸಿ, ತನ್ನ ಹೆಂಡತಿ ಹೋದ ತಿಂಗಳು ತೀರಿಕೊಂಡಳು ಎಂದು ಇಂಗ್ಲಿಷಿನಲ್ಲಿ ಹೇಳಿದ.

ಆಚೆ ಕಡೆಯವಳ ದನಿ ಮೆತ್ತಗಾಯಿತು. ತನ್ನ ಅಜ್ಜಿಯೂ ಈಚೆಗೆ ಹೋದಳೆಂದೂ, ಇಂಥ ಹೊತ್ತಿನಲ್ಲಿ ಬಿಲ್ಲಿನ ಗೋಳು ಎಷ್ಟು ಕಷ್ಟವೆಂದು ತನಗೆ ಗೊತ್ತೆಂದೂ ಹೇಳಿದಳು. ದಂಡ ಬೇಡವೆಂದು ಬರೆಯುತ್ತೇನೆ, ನೀವು ಊಟ ಬಿಡಬೇಡಿ, ಎಂದು ದಾನಪ್ಪನಾದ ರಾಮಮೂರ್ತಿಗೆ ಬುದ್ಧಿ ಹೇಳಿ ಕರೆ ಮುಗಿಸಿದಳು.

"ಆಯ್ತು ನೋಡಿ," ಎಂದ ರಾಮಮೂರ್ತಿ.

ದಾನಪ್ಪ ನಗಲಿಲ್ಲ. "ಮೂರ್ತಿಯವರ, ಬಿಡ್ತು ಅನ್ರಿ."

"ಏನು?"

"ಅನ್ಬಾರದ್ ಮಾತ ಅಂದ್ರೆಲ್ಲ. ಬಿಡ್ತು ಅಂದ್‌ಬಿಡ್ರಿ. ಆಕಿ ಅಲ್ಲೇ ನಿಂತಾಳ."

ಎರಡು ಅಕ್ಷರದ ಮಾತು. ಅವನ ತಾಯಿ ದಿನಕ್ಕೆ ಹತ್ತು ಸಲ ಹೇಳಿಸುತ್ತಿದ್ದ ಮಾತು. ಆದರೆ ಮೂಢನಂಬಿಕೆಗೆ ಒಮ್ಮೆ ಮಣಿದರೂ ಮಣಿದಂತೆಯೇ ಎಂಬುದು ಅವನ ನಿಯಮವಾಗಿತ್ತು. "ಮಾತು ಅಂದ್ರೆ ಗಾಳಿಯ ಒತ್ತಡದಲ್ಲಿ ಆಗೋ ಏರಿಳಿತ, ಅಷ್ಟೇ ದಾನಪ್ಪನೋರೆ. ಈ ಗೋಡೆ ದಾಟೋ ಹೊತ್ತಿಗೆ ಶಾಖವಾಗಿ ಕರಗಿಹೋಗತ್ತೆ. ಅದ್ರಿಂದ ಯಾರ ಆಯಸ್ಸೂ ಕಮ್ಮಿಯಾಗಲ್ಲ," ಎಂದ. ವಾಕ್ಯ ಚೆನ್ನಾಗಿ ಬಂತೆಂದು ಒಳಗೇ ಖುಷಿಯೂ ಆಯಿತು. ಬಾಗಿಲಿನತ್ತ ತಿರುಗಿದಾಗ ಜಯಶೀಲಾ ಅಲ್ಲಿರಲಿಲ್ಲ.

ಗಿರಮಿಟ್ಟು ಬಂತು. ಆಕೆ ತಟ್ಟೆಗಳನ್ನಿಟ್ಟು ಒಳಗೆ ಹೋದರು. ಅವನು ಇನ್ನೂ ಎರಡನೆಯ ತುತ್ತಿನಲ್ಲಿದ್ದಾಗ ಮೇಜಿನ ಮೇಲಿನ ಫೋನು ಟಿಣ್ಣೆಂದಿತು. ದಾನಪ್ಪ ಕನ್ನಡಕ ಏರಿಸಿ ಬೆರಳಿಟ್ಟು ಓದಿದರು.

"ನಿಮ್ಮ ದುಃಖದೊಳಗ ನಾವೂ ಅದೀವಿ ಅಂದಾರ. ಆಮ್ಯಾಲೆ... ಡೆತ್ ಸರ್ಟಿಫಿಕೇಟ್ ಕಳಸ್ರಿ ಅಂದಾರ." ತಲೆಯೆತ್ತಿದರು. "ಅದನ್ನೆಲ್ಲಿಂದ ತರೂದ್ರಿ ಈಗ?"

ಉತ್ತರ ಅಡುಗೆಮನೆಯಿಂದ ಬಂತು.

"ಅವ್ರನ್ನೇ ಕೇಳ್ರಿ, ಮಾಡಿಸಿ ಕೊಡ್ತಾರ. ಇಷ್ಟ್ ಮಾಡಿದವ್ರಿಗೆ ಅದೇನ್ ದೊಡ್ಡದು?" ಜಯಶೀಲಾ ಹೊರಬಂದು ಕುರ್ಚಿ ಎಳೆದು ಕುಳಿತರು. "ಫೋನ್ ಹಚ್ಚ್ರಿ. ನಾ ಮಾತಾಡ್ತೀನಿ."

"ಅಕ್ಕಾ, ಸ್ವಲ್ಪ ಯೋಚನೆ ಮಾಡೋಣ, ಬೇರೆ ದಾರಿ..."

"ಹೆಸ್ರು ನಂದು, ಸಹಿ ನಂದು. ಮನ್ಯಾಗ ನಾ ಕುಂತಿದ್ದೆ. ನನ್ನ ಕೈಯಾಗ ಫೋನ್ ಕೊಡೂದಕ್ಕಿಂತ ನನ್ನ ಸಾಯ್ಸೂದು ಹಗುರ ಅನ್ನಿಸ್ತೇನ್ರೀ ನಿಮಗ?"

ನಡೆದದ್ದನ್ನು ಇದಕ್ಕಿಂತ ಖಚಿತವಾಗಿ ಹೇಳಲು ಬರುತ್ತಿರಲಿಲ್ಲ. ತಟ್ಟೆಯಲ್ಲಿದ್ದ ಮಂಡಕ್ಕಿ ಮೆತ್ತಗಾಗತೊಡಗಿತ್ತು. ಅದನ್ನೇ ನೋಡುತ್ತ ಕುಳಿತ.

ಈ ಸಲ ಸಿಕ್ಕವನು ಗಂಡಸು. ಜಯಶೀಲಾ ಹೆಸರು, ಹುಟ್ಟಿದ ದಿನ, ವಿಳಾಸವನ್ನು ಒಂದೊಂದಾಗಿ ಒಪ್ಪಿಸಿದರು. ಆಚೆಯಿಂದ ಕೇಳುತ್ತಿದ್ದ ಕೀಬೋರ್ಡಿನ ಸದ್ದು ನಿಂತಿತು.

"ಮೇಡಂ, ನಮ್ಮ ದಾಖಲೆಯಲ್ಲಿ ಖಾತೆದಾರರು..." ಎಂದು ಅವನು ಇಂಗ್ಲಿಷಿನಲ್ಲಿ ತಡವರಿಸಿದ.

"ಯೆಸ್, ಯೆಸ್, ಐ ನೋ. ನಾಟ್ ಡೆಡ್. ಟಾಕಿಂಗ್."

ದಾನಪ್ಪನವರಿಗೆ ನಗು ಉಕ್ಕಿ, ಕೈಯಿಂದ ಬಾಯಿ ಮುಚ್ಚಿಕೊಂಡರು. ಆದರೆ ಆಚೆಯ ದನಿ ಬಿಗಿಯಾಗಿತ್ತು. ಸುಳ್ಳು ಮಾಹಿತಿ ಕೊಟ್ಟದ್ದು ಗಂಭೀರ ವಿಷಯ, ಕರೆ ಮಾಡಿದವರು ನಿಮ್ಮ ಗಂಡ ದಾನಪ್ಪ ಎಂದಿದೆ, ಅವರೊಡನೆ ಮಾತಾಡಬಹುದೇ, ಎಂದು ಕೇಳಿದ.

ದಾನಪ್ಪ ರಾಮಮೂರ್ತಿಯ ಮುಖ ನೋಡಿದರು. ಜಯಶೀಲಾ ಕೂಡ ನೋಡಿದರು. ಫೋನು ಅವನಿಂದ ಒಂದು ಗೇಣಿನ ದೂರದಲ್ಲಿತ್ತು. 'ನಾನು ದಾನಪ್ಪನಲ್ಲ, ಸುಳ್ಳು ಹೇಳಿದವನು ನಾನು' ಎನ್ನುವುದಕ್ಕೆ ಒಂದು ಉಸಿರು ಸಾಕಿತ್ತು. ಇನ್ನೊಬ್ಬರ ಹೆಸರಿನಲ್ಲಿ ಮಾತಾಡುವುದು ಅಪರಾಧವಾಗುತ್ತದೆಯೇ, ಕಚೇರಿಗೆ ತಿಳಿಯುತ್ತದೆಯೇ, ಈ ಹಿಂದಿನ ಮರಿಯಪ್ಪ, ಜಯಪ್ರಕಾಶರೆಲ್ಲ ಹೊರಬರುತ್ತಾರೆಯೇ, ಎಂದು ಅವನ ತಲೆ ತೂಗಿ ನೋಡತೊಡಗಿತು. ತೂಗಿ ಮುಗಿಯುವಷ್ಟರಲ್ಲಿ ದಾನಪ್ಪ ಫೋನಿನತ್ತ ಬಗ್ಗಿದ್ದರು.

"ಯೆಸ್ ಸರ್. ಐ ಓನ್ಲಿ ಟೋಲ್ಡ್. ವೆರಿ ಸಾರಿ ಸರ್."

ಹಾಗೇಕೆ ಹೇಳಿದಿರಿ ಎಂದು ಆಚೆಯವನು ಕೇಳಿದ.

ದಾನಪ್ಪ ತಲೆ ಕೆರೆದುಕೊಂಡರು. "ಟೀವಿ ಬಿಲ್ ಟೂ ಮಚ್, ಸರ್."

ಆಚೆಯವನು ನಗಲಿಲ್ಲ. ದಾನಪ್ಪನವರ ಹೆಸರಿನ ಎದುರು ಒಂದು ಟಿಪ್ಪಣಿ ಬರೆಯುತ್ತೇನೆ, ದಂಡದ ವಿನಾಯಿತಿ ಇನ್ನಿಲ್ಲ, ಎಂದ. ಜಯಶೀಲಾ ಅವಸರಪಡದೆ, ಈ ಮನೆಯಲ್ಲಿ ಯಾರೂ ನೋಡದ ಆಟದ ಚಾನೆಲ್ಲುಗಳನ್ನು ತೆಗೆಯಲು ಬರುತ್ತದೆಯೇ ಎಂದು ಮುರುಕು ಇಂಗ್ಲಿಷಿನಲ್ಲಿ ಕೇಳಿದರು. ಬರುತ್ತದೆ ಎಂದ. ಬಿಲ್ಲು ಸ್ವಲ್ಪ ಇಳಿಯಿತು. ಒಪ್ಪಂದ ಮುಗಿಯುವವರೆಗೆ ಹಳೆಯ ಕಂಪನಿಯಲ್ಲೇ ಇರುವುದೆಂದಾಯಿತು.

"ಹೋಗ್ಲಿ ಬಿಡ್ರಿ ಮೂರ್ತಿಯವರ," ಎಂದು ದಾನಪ್ಪ ಬಾಗಿಲವರೆಗೆ ಬಂದರು. "ನಮ್ಮ ಸಲುವಾಗಿ ಮಾಡಾಕ ಹೋದ್ರಿ." ಬೈದಿದ್ದರೆ ಅವನಿಗೆ ಹೊರುವುದು ಸುಲಭವಾಗುತ್ತಿತ್ತು.

ಕಾರಿನಲ್ಲಿ ಕುಳಿತವನು ಕೀಲಿ ತಿರುಗಿಸಲಿಲ್ಲ. ತನ್ನ ಫೋನಿನಿಂದ ಅದೇ ಕಂಪನಿಗೆ ಕರೆ ಮಾಡಿ, ಸರದಿ ಕಾದು, ತನ್ನ ನಿಜವಾದ ಹೆಸರು ಹೇಳಿದ. ವಿಟ್ಬಿಯ ಆ ಮನೆಯ ಸುಳ್ಳು ನನ್ನದು, ದಾನಪ್ಪನವರದಲ್ಲ, ತಿದ್ದಿಕೊಳ್ಳಿ ಎಂದ. ಆಚೆಯ ಹೆಂಗಸು ಸೌಜನ್ಯದಿಂದಲೇ ಕೇಳಿದಳು: ನೀವು ಖಾತೆದಾರರೇ? ಅಲ್ಲ ಎಂದ. ಹಾಗಿದ್ದರೆ ಆ ಖಾತೆಯ ಬಗ್ಗೆ ನಿಮ್ಮಿಂದ ಏನನ್ನೂ ಕೇಳಿಸಿಕೊಳ್ಳುವಂತಿಲ್ಲ, ಬೇರೇನಾದರೂ ಸಹಾಯ ಬೇಕೇ, ಎಂದಳು.

ಕಿಟಕಿಯ ಗಾಜಿನ ಮೇಲೆ ಬೆರಳ ಸದ್ದಾಯಿತು. ಚಪ್ಪಲಿ ಮೆಟ್ಟಿಕೊಂಡು, ಸ್ವೆಟರಿಲ್ಲದೆ, ದಾನಪ್ಪ ಚಳಿಯಲ್ಲಿ ನಿಂತಿದ್ದರು.

"ಗಾಡಿ ಬ್ಯಾಟ್ರಿ ಹೋತೇನ್ರೀ? ಕೇಬಲ್ ಐತಿ ನನ್ನ ಕಡೆ, ತರ್ಲೇನ್?"

"ಬ್ಯಾಟ್ರಿ ಸರಿ ಇದೆ." ರಾಮಮೂರ್ತಿ ಕೆಳಗಿಳಿದ. "ಅಕ್ಕನ ಹತ್ರ ಒಂದು ಮಾತು ಹೇಳ್ಬೇಕು. ನಿಮ್ಮ ಹತ್ರಾನೂ."

ದಾನಪ್ಪ ನೆಲ ನೋಡಿದರು. "ಈಗ ಬ್ಯಾಡ್ರಿ. ಆಕಿ ತಲಿ ಮ್ಯಾಲ ನೀರ್ ಹಾಕ್ಕೊಳ್ಳಾಕ ಹೋಗ್ಯಾಳ. ಸತ್ತ ಸುದ್ದಿ ಮನ್ಯಾಗ ಬಿದ್ದೈತಿ, ಹಂಗ ಒಲಿ ಮುಟ್ಟೂದಿಲ್ಲ ಅಂದ್ಲು."

ಮೇಲಿನ ಬಚ್ಚಲಿನಿಂದ ನೀರು ಸುರಿಯುವ ಸದ್ದು ಹೊರಗಿನವರೆಗೂ ಕೇಳುತ್ತಿತ್ತು. ಬದುಕಿರುವ ಹೆಂಗಸೊಬ್ಬಳು ತನ್ನದೇ ಸಾವಿಗೆ ಸ್ನಾನ ಮಾಡುತ್ತಿದ್ದಳು. ಆ ಸದ್ದು ಗೋಡೆ ದಾಟಿ ಬರುತ್ತಿತ್ತು.

"ಕಾಯ್ತೀನಿ ದಾನಪ್ಪನೋರೆ," ಎಂದ.

"ಒಳಗರ ಬರ್ರಿ, ಥಂಡಿ ಐತಿ."

"ಅಕ್ಕ ಕರೆದ್ರೆ ಬರ್ತೀನಿ," ಎಂದು ರಾಮಮೂರ್ತಿ ಮನೆಯ ಮುಂದಿನ ಮೆಟ್ಟಿಲ ಮೇಲೆ ಕುಳಿತ.