ಸ್ಕ್ರೂಡ್ರೈವರಿಗೆ ಕೇಳಿಸಿದ್ದು

ಮೋಟರ್ ವೈಂಡಿಂಗ್ ಮಾಡುವ ರಹಮತ್ ಸಾಬರು ಸ್ಕ್ರೂಡ್ರೈವರಿನ ತುದಿಯನ್ನು ನನ್ನ ಹಾರ್ಡ್ ಡಿಸ್ಕಿನ ಮೇಲಿಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡರು. ತರೀಕೆರೆಯ ನಮ್ಮ ಮನೆಗೆ ಅವರು ಬಂದಿದ್ದು ಸಂಪಿನ ಮೋಟರ್ ಕೂರಿಸಲು. ಕಂಪ್ಯೂಟರ್ ಪಕ್ಕದಲ್ಲಿ ಡಿಸ್ಕ್ ಟಿಕ್ ಟಿಕ್ ಎನ್ನುವುದನ್ನು ಕೇಳಿ ಏನದು ಎಂದರು. ಅದು ಕೆಟ್ಟುಹೋಗಿದೆ, ತೀರಿಕೊಂಡ ಅವ್ವನ ಸೋಬಾನೆ ಹಾಡುಗಳೆಲ್ಲ ಅದರಲ್ಲೇ ಇದ್ದವು ಎಂದೆ.

“ಕೆಟ್ಟಿಲ್ಲ ಕಣಮ್ಮ. ತಿರುಗೋಕೆ ನೋಡ್ತೈತೆ, ಕರೆಂಟ್ ಸಾಲ್ತಿಲ್ಲ. ವೋಲ್ಟೇಜ್ ಇಲ್ದಾಗ ಬೋರ್ ಮೋಟ್ರೂ ಹಿಂಗೇ ಒದ್ದಾಡೋದು. ಈ ವೈರು ಎಲ್ಲಿಗೆ ಹೋಗೈತೆ?”

ವೈರು ಹೋಗಿದ್ದು ಯುಎಸ್‌ಬಿ ಹಬ್‌ಗೆ. ಮೌಸು, ಪುಟ್ಟ ಫ್ಯಾನು, ಫೋನಿನ ಚಾರ್ಜರು ಎಲ್ಲವನ್ನೂ ನಾನು ಅದೊಂದಕ್ಕೇ ಸಿಕ್ಕಿಸಿದ್ದೆ. ಡಿಸ್ಕಿನ ವೈರನ್ನು ಅಲ್ಲಿಂದ ಕಿತ್ತು ಕಂಪ್ಯೂಟರಿನ ಹಿಂಭಾಗಕ್ಕೆ ನೇರವಾಗಿ ಹಾಕಿದೆ. ಟಿಕ್ ಟಿಕ್ ನಿಂತಿತು. ಒಳಗೆ ಏನೋ ಸಣ್ಣಗೆ ಗುಂಯ್‌ಗುಟ್ಟತೊಡಗಿತು. ಪರದೆಯ ಮೇಲೆ ‘ಅವ್ವ’ ಎಂಬ ಫೋಲ್ಡರ್ ಬಂತು.

ಹಾಡುಗಳನ್ನು ಅಂದೇ ಬೇರೆ ಕಡೆಗೂ ಉಳಿಸಿಕೊಂಡೆ. ಆದರೂ ಆ ಡಿಸ್ಕ್ ಹಾಕಿದಾಗಲೆಲ್ಲ ಸ್ಕ್ರೂಡ್ರೈವರನ್ನು ಕಿವಿಗಿಟ್ಟು ಕೇಳುತ್ತೇನೆ. ಹಾಡು ಎತ್ತಿಕೊಳ್ಳುವ ಮುನ್ನ ಅವ್ವನೂ ಹೀಗೇ ಸಣ್ಣಗೆ ಗುನುಗಿಕೊಳ್ಳುತ್ತಿದ್ದಳು.